ಬೆಂಗಳೂರಿನ ಬಿರುಗಾಳಿ: ಸ್ಯಾನ್ ಸ್ಟಾರ್ಮ್

ಬೆಂಗಳೂರಿನ ಕಂಪನಿಯೊಂದು ಸ್ಪೋರ್ಟ್ಸ್ ಕಾರು ತಯಾರಿಸಿತ್ತು ಅಂದರೆ ನನ್ನ ಟೀಮಿನ ಹುಡುಗರು ನಂಬುವುದಿಲ್ಲ. ಅವರಲ್ಲಿ ಹಲವರು ಬರೆಯುವ ಕೋಡು ಜರ್ಮನಿಯ ಕಾರುಗಳೊಳಗೆ ಓಡುತ್ತದೆ. ಆದರೆ ನಮ್ಮೂರಿನವರೇ ಒಂದು ಇಡೀ ಕಾರಿಗೆ ಕೈ ಹಾಕಿದ್ದ ಕತೆ ಅವರ ಕಿವಿಗೆ ಬಿದ್ದೇ ಇಲ್ಲ. ಆ ಕಾರಿನ ಹೆಸರು ಸ್ಯಾನ್ ಸ್ಟಾರ್ಮ್. ಹೊರಬಂದದ್ದು 1998ರಲ್ಲಿ.

ಎರಡೇ ಸೀಟು, ತೆಗೆಯಬಹುದಾದ ಮಾಡು, ಫೈಬರ್ ಮೈ. ಒಳಗಿದ್ದದ್ದು ಫ್ರಾನ್ಸಿನ ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 60 ಅಶ್ವಶಕ್ತಿಯದು. ರೆನೋದ ಟ್ವಿಂಗೋ, ಕ್ಲಿಯೋಗಳಲ್ಲಿ ಇದ್ದದ್ದೂ ಇದೇ ಎಂಜಿನ್. ವಿನ್ಯಾಸವೂ ಫ್ರಾನ್ಸಿನ ಲೆ ಮಾನ್ ಗ್ರೂಪ್‌ನದು. ಹಾಗಿದ್ದರೆ ಬೆಂಗಳೂರಿನದು ಏನು ಅಂತ ನೀವು ಕೇಳಬಹುದು. ಮಾಡಬೇಕೆಂಬ ಹಟ, ಹಾಕಿದ ದುಡ್ಡು ಮತ್ತು ಅದರ ಹಿಂದಿದ್ದ ಒಂದು ಕಾರ್ಖಾನೆ.

ಆ ಕಾರ್ಖಾನೆ ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿ. ವೈಟ್‌ಫೀಲ್ಡ್ ಕಡೆ ಓಡಾಡಿದ ಹಳಬರಿಗೆ ಹೆಸರು ಗೊತ್ತಿರುತ್ತದೆ. ಸ್ಯಾನ್ ಅಂದರೆ 'ಸೂರಿ ಅಂಡ್ ನಾಯರ್'. ಆ ಸೂರಿ ಡೀಸೆಲ್ ಎಂಜಿನ್ನುಗಳಿಗಾಗಿ ತಮ್ಮದೇ ಹೆಸರಿನ 'ಸೂರಿ ಟ್ರಾನ್ಸ್‌ಮಿಷನ್' ರೂಪಿಸಿದ ಮನಮೋಹನ್ ಸೂರಿ. ದುರ್ಗಾಪುರದ ಕೇಂದ್ರೀಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಸ್ವರಾಜ್ ಟ್ರಾಕ್ಟರ್ ಹುಟ್ಟಿದ್ದು ಅದೇ ಸಂಸ್ಥೆಯಲ್ಲಿ. ಉಕ್ಕಿನ ಕಾರ್ಖಾನೆ, ಬಂದರುಗಳಲ್ಲಿ ವ್ಯಾಗನ್ ಎಳೆದಾಡುವ ಷಂಟಿಂಗ್ ಎಂಜಿನ್ನು ಮಾಡುತ್ತಿದ್ದ ಮನೆಯಿಂದ ಸ್ಪೋರ್ಟ್ಸ್ ಕಾರು ಬಂತು ಅನ್ನುವುದೇ ನನಗೆ ಇದರಲ್ಲಿ ಸೋಜಿಗ.

ಬೆಂಗಳೂರಿಗೆ ಫೈಬರ್ ಕಾರು ಹೊಸದೇನೂ ಆಗಿರಲಿಲ್ಲ. ಸಿಪಾನಿಯವರು ಎಪ್ಪತ್ತರ ದಶಕದಲ್ಲೇ 'ಬಾದಲ್' ಎಂಬ ಮೂರು ಚಕ್ರದ ಕಾರು ತಂದಿದ್ದರು. 1982ರಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಆಧಾರದ ಮೇಲೆ 848 ಸಿಸಿಯ 'ಡಾಲ್ಫಿನ್' ಬಂತು. ತೂಕ ಕಡಿಮೆಯಾದ್ದರಿಂದ ರ‍್ಯಾಲಿ, ರೇಸುಗಳಲ್ಲಿ ಅದು ಹೆಸರು ಮಾಡಿತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಮನೆಮಂದಿಗೆಲ್ಲ ಬೇಕಾದದ್ದು ನಾಲ್ಕು ಬಾಗಿಲು ಮತ್ತು ಊರೂರಲ್ಲೂ ಸಿಗುವ ಮೆಕ್ಯಾನಿಕ್ಕು.

ಈ ಸಣ್ಣ ಕಂಪನಿಗಳೆಲ್ಲ ಫೈಬರ್ ಮೊರೆ ಹೋಗುವುದರ ಹಿಂದೆ ಲೆಕ್ಕಾಚಾರವಿದೆ. ತಗಡಿನ ಮೈಗೆ ದೈತ್ಯ ಪ್ರೆಸ್ಸುಗಳು ಬೇಕು, ಪ್ರತಿ ಭಾಗಕ್ಕೂ ಉಕ್ಕಿನ ಡೈ ಬೇಕು. ಲಕ್ಷಗಟ್ಟಲೆ ಕಾರು ಮಾರಿದರೆ ಮಾತ್ರ ಆ ಖರ್ಚು ಗಿಟ್ಟುತ್ತದೆ. ಫೈಬರಿಗೆ ಒಂದು ಅಚ್ಚು ಸಾಕು. ಗಾಜಿನ ನಾರಿನ ಹಾಸನ್ನು ಅಚ್ಚಿನೊಳಗೆ ಪದರ ಪದರವಾಗಿ ಹಾಸಿ, ರಾಳ ಬಳಿದು, ಗುಳ್ಳೆ ಉಳಿಯದಂತೆ ರೋಲರಿನಿಂದ ಒತ್ತಿ, ಗಟ್ಟಿಯಾಗಲು ಬಿಡುವುದು. ಬಂಡವಾಳ ಕಡಿಮೆ, ಕೈಕೆಲಸ ಹೆಚ್ಚು. ಹತ್ತು ಕಾರಿಗೆ ಇದು ಅಗ್ಗ. ಹತ್ತು ಸಾವಿರಕ್ಕೆ ದುಬಾರಿ. ಹಾಗಾಗಿ ಇಂಥ ಕಂಪನಿ ಹುಟ್ಟುವುದು ಸುಲಭ, ಬೆಳೆಯುವುದು ಕಷ್ಟ.

ಜರ್ಮನಿಯಲ್ಲೂ ಇದೇ ಹಾದಿ ಹಿಡಿದವರಿದ್ದಾರೆ. ಡ್ಯುಲ್ಮೆನ್ ಎಂಬ ಸಣ್ಣ ಊರಿನ ಮಾರ್ಟಿನ್ ಮತ್ತು ಫ್ರೀಡ್‌ಹೆಲ್ಮ್ ವೀಸ್‌ಮನ್ ಅಣ್ಣತಮ್ಮಂದಿರು 1988ರಲ್ಲಿ ಕಂಪನಿ ಕಟ್ಟಿದರು. ಒಬ್ಬರು ಎಂಜಿನಿಯರು, ಇನ್ನೊಬ್ಬರು ವ್ಯಾಪಾರಿ. ಮೊದಲು ಬೇರೆಯವರ ಕಾರುಗಳಿಗೆ ಗಟ್ಟಿ ಮಾಡು ಮಾಡಿಕೊಟ್ಟರು; 1993ರಿಂದ ತಮ್ಮದೇ ಕಾರು. ಫೈಬರ್ ಮೈ, ಬಿಎಂಡಬ್ಲ್ಯು ಎಂಜಿನ್, ಮಿಕ್ಕದ್ದೆಲ್ಲ ಹೆಚ್ಚಾಗಿ ಕೈಕೆಲಸ. ರಸ್ತೆಗೆ ಹಲ್ಲಿಯಂತೆ ಅಂಟಿಕೊಳ್ಳುತ್ತದೆ ಅಂತ ಹಲ್ಲಿಯನ್ನೇ ಲಾಂಛನ ಮಾಡಿಕೊಂಡರು. ಎರಡು ದಶಕಗಳಲ್ಲಿ ಮಾಡಿದ್ದು ಎರಡು ಸಾವಿರಕ್ಕಿಂತ ಕಡಿಮೆ ಕಾರು. 2013ರಲ್ಲಿ ದಿವಾಳಿ ಅರ್ಜಿ ಹಾಕಿದರು. ಅಂಥ ಕಾರಿಗೆ ಲಕ್ಷ ಯೂರೋ ಕೊಡುವ ಗಿರಾಕಿಗಳಿದ್ದ ದೇಶದಲ್ಲೇ ಹೀಗಾಯಿತು.

ನಮ್ಮಲ್ಲಿ ಸ್ಟಾರ್ಮ್ ಬಂದ 1998ರಲ್ಲೇ ಸ್ಯಾಂಟ್ರೊ, ಮಟೀಜ್, ಇಂಡಿಕಾ ಕೂಡ ಬಂದವು. ಮೊದಲ ಕಾರು ಕೊಳ್ಳಲು ಸಾಲಿನಲ್ಲಿ ನಿಂತಿದ್ದ ಸಂಸಾರಸ್ಥರಿಗೆ ಎರಡು ಸೀಟಿನ ಕಾರಿನಲ್ಲಿ ಅಜ್ಜಿಗೆಲ್ಲಿ ಜಾಗ? ಎಂಜಿನ್ ರೆನೋದು, ಆದರೆ ರೆನೋಗೆ ಆಗ ಇಲ್ಲಿ ಕಾರ್ಖಾನೆಯೂ ಇರಲಿಲ್ಲ, ಷೋರೂಮೂ ಇರಲಿಲ್ಲ. ಸ್ಯಾನ್ 'ಸ್ಟ್ರೀಕ್' ಎಂಬ ಮುಚ್ಚಿದ ಮಾಡಿನ ಮಾದರಿಯನ್ನೂ ತಂದಿತು. ಆದರೂ ರಸ್ತೆಯಲ್ಲಿ ಕಂಡವರಿಗಿಂತ ಪತ್ರಿಕೆಯಲ್ಲಿ ಓದಿದವರೇ ಹೆಚ್ಚು.

ನಾನು ಈಗ ಇರುವ ಮನ್ಮಾಡಿನಿಂದ ನೋಡಿದರೆ ಈ ಕತೆಯ ಇನ್ನೊಂದು ಮಗ್ಗುಲು ಕಾಣುತ್ತದೆ. ನಮಗೆಲ್ಲ ಈ ಊರು ಕರ್ನಾಟಕ ಎಕ್ಸ್‌ಪ್ರೆಸ್ ನಿಲ್ಲುವ ಜಂಕ್ಷನ್. ಇಲ್ಲಿ ಬ್ರಿಟಿಷರ ಕಾಲದಿಂದ ರೈಲ್ವೆ ಸೇತುವೆಗಳ ಗರ್ಡರು ತಯಾರಿಸುವ ವರ್ಕ್‌ಶಾಪಿದೆ. ಇಂದಿಗೂ ನಡೆದಿದೆ, ಯಾಕೆಂದರೆ ರೈಲ್ವೆಗೆ ಸೇತುವೆ ಬೇಕೇ ಬೇಕು. ಸ್ಯಾನ್‌ನ ಷಂಟಿಂಗ್ ಎಂಜಿನ್ನುಗಳಿಗೂ ಅಂಥ ಖಾಯಂ ಗಿರಾಕಿಗಳಿದ್ದರು. ಕಾರಿಗೆ ಇರಲಿಲ್ಲ. ಇಲ್ಲಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದ ಸಂಭಾಜಿನಗರದ ಶೇಂದ್ರಾದಲ್ಲಿ ಸ್ಕೋಡಾ 2001ರಿಂದ ಕಾರು ಜೋಡಿಸತೊಡಗಿತು. ಭಾಗಗಳು ಯುರೋಪಿನಿಂದ ಬರುತ್ತವೆ, ಕೈಗಳು ಇಲ್ಲಿಯವು. ಬೆಂಗಳೂರಿನಲ್ಲಿ ಮರ್ಸಿಡಿಸ್ 1996ರಲ್ಲೇ ಸಂಶೋಧನಾ ಕೇಂದ್ರ ತೆರೆದಿತ್ತು. ಅಲ್ಲಿ ತಲೆಗಳು ನಮ್ಮವು, ಕಾರು ಅವರದು. ಎರಡೂ ಕಡೆ ಸಂಬಳ ಸರಿಯಾಗಿ ಬಂತು, ಸಾವಿರಾರು ಮನೆ ಬೆಳಗಿದವು. ಅದರಲ್ಲಿ ನನ್ನದೂ ಒಂದು; ದೂರಲು ನನಗೆ ಬಾಯಿಲ್ಲ.

ಆದರೆ ಒಂದು ವ್ಯತ್ಯಾಸ ಉಳಿಯುತ್ತದೆ. ನಾವು ಒಂದು ಭಾಗಕ್ಕೆ ಮಾತ್ರ ಹೊಣೆ. ಕಾರು ಓಡದಿದ್ದರೆ ಅದು ಬೇರೆಯವರ ತಲೆನೋವು. ಸ್ಟಾರ್ಮ್ ಮಾಡಿದವರು ಬೇರೆ ದೇಶದ ಎಂಜಿನ್ನು, ಬೇರೆ ದೇಶದ ನಕ್ಷೆ ತಂದರೂ, ಬಾಗಿಲು ಸಂದಿಯಲ್ಲಿ ಮಳೆನೀರು ಸೋರಿದರೆ ಉತ್ತರ ಕೊಡಬೇಕಾದವರು ತಾವೇ ಎಂದು ಒಪ್ಪಿಕೊಂಡಿದ್ದರು. ಬೆಂಗಳೂರಿನ ರೇವಾ 2001ರಲ್ಲಿ ಬ್ಯಾಟರಿ ಕಾರು ತಂದಾಗಲೂ ಹೊತ್ತದ್ದು ಅದೇ ಹೊಣೆ. 2010ರಲ್ಲಿ ಮಹೀಂದ್ರಾ ರೇವಾವನ್ನು ಕೊಂಡಿತು. ಇಂದು ಬೆಂಗಳೂರಿನ ವಿದ್ಯುತ್ ಸ್ಕೂಟರ್ ಕಂಪನಿಗಳನ್ನು ಕಂಡು ಹಿಗ್ಗುವವರು ಬಾದಲ್, ಡಾಲ್ಫಿನ್, ಸ್ಟಾರ್ಮ್‌ಗಳನ್ನೂ ಅದೇ ವಂಶಾವಳಿಯಲ್ಲಿ ಬರೆದುಕೊಳ್ಳಬೇಕು.

ಕಾರಿನ ಅಂಕಿಅಂಶಗಳು ಹೇಗೋ ಉಳಿದಿವೆ. ಅಚ್ಚಿಗೆ ನಾರು ಹಾಸಿದವರ, ರಾಳದ ವಾಸನೆಯಲ್ಲಿ ದಿನ ಕಳೆದವರ ಮಾತು ಕನ್ನಡದಲ್ಲಿ ಹೆಚ್ಚು ದಾಖಲಾಗಿಲ್ಲ. ಅವರೆಲ್ಲ ಈಗ ನಿವೃತ್ತಿಯ ವಯಸ್ಸಿನವರು. ನಿಮ್ಮ ಚಿಕ್ಕಪ್ಪನೋ ಪಕ್ಕದ ಮನೆಯ ಹಿರಿಯರೋ ಸಿಪಾನಿಯಲ್ಲೋ ಸ್ಯಾನ್‌ನಲ್ಲೋ ದುಡಿದಿದ್ದರೆ, ಮುಂದಿನ ಸಲ ಊರಿಗೆ ಹೋದಾಗ ಒಂದು ಸಂಜೆ ಕೂತು ಕೇಳಿ ಬರೆದುಕೊಳ್ಳಿ.