ಆತಕೂರಿನ ಕಾಳಿ ಮತ್ತು ಕಟ್ಟೆಯ ಮುದಿನಾಯಿ

ಗದಗಿನಿಂದ ಮುಳಗುಂದದ ಕಡೆಗೆ ಹೋಗುವ ಹಾದಿಯಲ್ಲಿ ಮಲ್ಲಸಮುದ್ರವೆಂಬ ಊರಿದೆ. ಅಲ್ಲಿಯ ಪರಿಚಯದ ಮನೆಯೊಂದರ ಕಟ್ಟೆಯ ಮೇಲೆ ಕಳೆದ ಚಳಿಗಾಲದಲ್ಲಿ ಒಂದು ಮುದಿನಾಯಿ ಮಲಗಿದ್ದುದನ್ನು ಕಂಡೆನು. ಕಣ್ಣಿಗೆ ಪೊರೆ ಬಂದಿದ್ದಿತು, ಹಿಂಗಾಲುಗಳಲ್ಲಿ ಬಲವಿರಲಿಲ್ಲ. ಮನೆಯ ಹಿರಿಯ ಹೆಣ್ಣುಮಗಳು ಹಳೆಯ ಕೌದಿಯೊಂದನ್ನು ಮಡಿಸಿ ಅದರ ಮೈಕೆಳಗೆ ಹಾಸಿ, ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿಯನ್ನು ಬಾಯಿಯ ಬಳಿ ಹಿಡಿದಿದ್ದಳು. ಹೊಲದಿಂದ ಬರುತ್ತಿದ್ದ ನೆರೆಯವನೊಬ್ಬನು ನಿಂತು, "ಯವ್ವಾ, ಇನ್ನ ಇದರಿಂದ ಏನ ಕೆಲಸ ಆಗೂದೈತಿ? ಸಂತಿಗೆ ಹೋಗೂವಾಗ ಗಾಡ್ಯಾಗ ಹಾಕ್ಕೊಂಡು ದೂರ ಬಿಟ್ಟು ಬರ್ತೀನಿ" ಎಂದನು. ಆಕೆ ತಲೆಯೆತ್ತದೆ, "ಹದಿಮೂರು ವರ್ಷ ನಮ್ಮ ಕಣ ಕಾದೈತೋ ತಮ್ಮಾ. ಈಗ ಅದನ್ನ ನಾವು ಕಾಯಬೇಕು" ಎಂದಳು.

ಈ ಮಾತು ಕಿವಿಗೆ ಬಿದ್ದಾಗ ಸಾವಿರ ವರ್ಷಗಳಿಗೂ ಹಿಂದಿನ ಒಂದು ಕಲ್ಲು ನನ್ನ ನೆನಪಿಗೆ ಬಂದಿತು. ಅದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನ. ಮದ್ದೂರೆಲ್ಲಿ, ಮಲ್ಲಸಮುದ್ರವೆಲ್ಲಿ ಎಂದು ಓದುಗರು ಕೇಳಬಹುದು. ಆದರೆ ಆ ಕಲ್ಲಿನ ಮೇಲೆಯೇ ನಮ್ಮ ಈ ನಾಡಿನ ಹೆಸರೂ ಇದೆ. ಕ್ರಿ. ಶ. ೯೪೯ರಲ್ಲಿ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ಚೋಳರನ್ನು ಸೋಲಿಸಿದನು. ಚೋಳ ರಾಜಾದಿತ್ಯನು ಮಡಿದನು. ಆ ವಿಜಯಕ್ಕೆ ಕಾರಣನಾದ ಗಂಗರ ಬೂತುಗನಿಗೆ ಕೃಷ್ಣನು ಬನವಾಸಿ ಹನ್ನೆರಡುಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಎಂಬ ನಾಡುಗಳನ್ನು ಕೊಟ್ಟನೆಂದು ಶಾಸನವು ಹೇಳುತ್ತದೆ. ಬೆಳ್ವೊಲವೆಂದರೆ ಗದಗು, ಮುಳಗುಂದ, ಅಣ್ಣಿಗೇರಿಗಳ ಎರೆಯ ಸೀಮೆ. ಪುರಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ.

ಒಡೆಯನು ಇಷ್ಟು ನಾಡುಗಳನ್ನು ಪಡೆದನಷ್ಟೆ. ಅವನ ಬಂಟನಾದ ಮಣಲೇರನು ಏನನ್ನು ಪಡೆದನು? ಅವನ ಪರಾಕ್ರಮಕ್ಕೆ ಮೆಚ್ಚಿ ಬೂತುಗನು, ಬೇಕಾದುದನ್ನು ಬೇಡಿಕೊ ಎಂದನು. ಮಣಲೇರನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಮುಂದೆ ಬೇಳತೂರಿನ ಪಶ್ಚಿಮದ ಬೆಟ್ಟದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಎರಡೂ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟನು. ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವನ್ನು ಆ ಕಲ್ಲಿನಲ್ಲಿಯೇ ಕಂಡರಿಸಿದ್ದಾರೆ. ಶಾಸನವು ಮುಂದೆ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು.

ಅದರಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಯುದ್ಧದ ವರ್ಣನೆಯಲ್ಲ, ಕೊನೆಗೆ ಹಾಕಿರುವ ಒಂದು ಕಟ್ಟಳೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಎಂದರೆ ಶೈವ ಪೂಜಕನು, ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ನಾಯಿಯ ಪಾಪವು ತಟ್ಟುವುದೆಂದು ಅಲ್ಲಿ ಹೇಳಿದೆ. ಬೇರೆ ಶಾಸನಗಳಲ್ಲಿ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪದ ಮಾತು ಬರುವುದು ವಾಡಿಕೆ. ಇಲ್ಲಿ ನಾಯಿಯ ಋಣಕ್ಕೆ ನಾಯಿಯ ಪಾಪವನ್ನೇ ಹೊಣೆಯಾಗಿಟ್ಟಿದ್ದಾರೆ. ಮೊದಲು ಅದರ ಸೇವೆ, ಆಮೇಲೆ ನಿನ್ನ ಊಟ: ಇದೇ ಆ ಕಟ್ಟಳೆಯ ತಿರುಳು.

ಆದರೂ ಒಂದು ಮಾತನ್ನು ಹೇಳಲೇಬೇಕು. ಕಾಳಿಗೆ ಮುಪ್ಪು ಬರಲಿಲ್ಲ. ಹೋರಾಡಿ ಸತ್ತವರಿಗೆ ಕಲ್ಲು ನಿಲ್ಲಿಸುವುದು ಒಂದು ದಿನದ ಕೆಲಸ. ಹಾಸಿಗೆ ಹಿಡಿದ ಜೀವವನ್ನು ನೋಡಿಕೊಳ್ಳುವುದು ದಿನದಿನದ ಕೆಲಸ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಸಾರಮೇಯ ವಿನೋದವೆಂಬ ಒಂದು ಪ್ರಕರಣವೇ ಇದೆ. ಬೇಟೆಯ ನಾಯಿಗಳ ವಿಚಾರವು ಅಲ್ಲಿ ಬರುತ್ತದೆ. ಅದೇ ಮನೆತನದ ಕೀರ್ತಿವರ್ಮನು ಅದಕ್ಕೂ ಮೊದಲೇ ಕನ್ನಡದಲ್ಲಿ 'ಗೋವೈದ್ಯ'ವನ್ನು ಬರೆದಿದ್ದನು. ಪಶುವಿನ ಬೇನೆಗೂ ಮದ್ದು ಬೇಕೆಂಬ ತಿಳಿವಳಿಕೆ ನಮಗೆ ಹೊಸದಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಅಶೋಕನು ತನ್ನ ಎರಡನೆಯ ಬಂಡೆಗಲ್ಲಿನ ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ ಸಂಗತಿಯನ್ನು ಬರೆಯಿಸಿದ್ದಾನೆ. ಆದರೆ ಕೆಲಸಕ್ಕೆ ಬಾರದೆ ಹೋದ ಪ್ರಾಣಿಯ ಗತಿಯೇನು?

ಈ ಪ್ರಶ್ನೆಯನ್ನು ಗ್ರೀಕರೂ ಕೇಳಿಕೊಂಡಿದ್ದರು. ಹೋಮರನ ಕಾವ್ಯದಲ್ಲಿ ಒಡಿಸ್ಯೂಸನು ಇಪ್ಪತ್ತು ವರ್ಷಗಳ ಮೇಲೆ ವೇಷ ಮರೆಸಿಕೊಂಡು ಮನೆಗೆ ಬಂದಾಗ, ಅವನ ನಾಯಿ ಆರ್ಗೋಸ್ ಯಾರೂ ನೋಡುವವರಿಲ್ಲದೆ ತಿಪ್ಪೆಯ ಮೇಲೆ ಉಣ್ಣೆಹುಳು ಮುತ್ತಿ ಬಿದ್ದಿರುತ್ತದೆ. ಒಡೆಯನನ್ನು ಗುರುತಿಸಿ ಬಾಲವಾಡಿಸಿ ಪ್ರಾಣ ಬಿಡುತ್ತದೆ. ಪ್ಲುಟಾರ್ಕನೆಂಬ ಚರಿತ್ರಕಾರನಂತೂ, ಮುದಿಯಾದ ಆಳುಗಳನ್ನು ಮಾರಿಬಿಡಬೇಕೆಂದ ರೋಮಿನ ಕೇಟೋವಿನ ಜೀವನವನ್ನು ಬರೆಯುವಾಗ ತಡೆದು ನಿಂತು, ಸಜ್ಜನನಾದವನು ನಾಯಿಯನ್ನು ಮರಿಯಾಗಿದ್ದಾಗ ಮಾತ್ರವಲ್ಲ, ಮುಪ್ಪಿನಲ್ಲಿಯೂ ಸಾಕಬೇಕೆಂದು ವಾದಿಸುತ್ತಾನೆ.

ನಮ್ಮವರ ಉತ್ತರವು ಮಹಾಪ್ರಸ್ಥಾನಿಕ ಪರ್ವದಲ್ಲಿದೆ. ಹಿಂದೆ ಬಂದ ನಾಯಿಯನ್ನು ಬಿಟ್ಟು ಬಂದರೆ ಮಾತ್ರ ಸ್ವರ್ಗವೆಂದಾಗ, ಹಾಗಾದರೆ ಸ್ವರ್ಗವೇ ಬೇಡವೆಂದನು ಧರ್ಮರಾಯ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಹಾಡಿದ ಕುಮಾರವ್ಯಾಸನು ಹತ್ತೇ ಪರ್ವಗಳಿಗೆ ನಿಲ್ಲಿಸಿದ್ದರಿಂದ ಈ ಕಥೆ ಅವನ ಭಾರತದಲ್ಲಿ ಬರಲಿಲ್ಲ. ಉಳಿದ ಪರ್ವಗಳನ್ನು ಕನ್ನಡಕ್ಕೆ ತಂದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ಆ ನಾಯಿಯಿಂದ ಧರ್ಮರಾಯನಿಗೆ ಯಾವ ಉಪಯೋಗವೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ನಂಬಿ ಬಂದದ್ದನ್ನು ಕೈಬಿಡಬಾರದು, ಇಷ್ಟೇ ಅವನ ವಾದ. ಗೃಹಸ್ಥನು ವೈಶ್ವದೇವದಲ್ಲಿ ನಾಯಿಗೂ ಕಾಗೆಗೂ ಅನ್ನದ ಪಾಲನ್ನು ತೆಗೆದಿಡಬೇಕೆಂಬ ವಿಧಿಯಲ್ಲಿಯೂ ಇದೇ ಭಾವವಿದೆ. ಅದು ಭಿಕ್ಷೆಯಲ್ಲ, ಪಾಲು.

ಈ ಪಾಲನ್ನು ಸಲ್ಲಿಸುವುದು ಕಷ್ಟವೇನೂ ಅಲ್ಲ. ಮುದಿನಾಯಿಯನ್ನು ತಣ್ಣನೆಯ ಹಾಸುಗಲ್ಲಿನ ಮೇಲೆ ಮಲಗಿಸದೆ ಗೋಣಿತಟ್ಟು, ಕೌದಿಗಳನ್ನು ಹಾಸಬೇಕು. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಹುಣ್ಣಾಗುವುದರಿಂದ ಆಗಾಗ ಹೊರಳಿಸಬೇಕು. ಮೆತ್ತಗಿನ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಬೇಕು. ನೀರು ಬಾಯಿಗೆ ಸಮೀಪದಲ್ಲಿರಬೇಕು. ಕಣ್ಣು ಮಂಜಾದ ನಾಯಿಯ ತಾಣವನ್ನೂ ತಟ್ಟೆಯನ್ನೂ ಬದಲಿಸಬಾರದು. ಕಿವಿ ಕೇಳದ್ದನ್ನು ಹಿಂದಿನಿಂದ ಹೋಗಿ ಮುಟ್ಟಬಾರದು. ಒಮ್ಮೆಲೆ ಹೆಚ್ಚಿದ ನೀರಡಿಕೆ ಮೂತ್ರಪಿಂಡದ ಬೇನೆಯ ಕುರುಹಾಗಿರಬಹುದು. ಕೂಡಲೆ ಪಶುವೈದ್ಯರಿಗೆ ತೋರಿಸಬೇಕು. ನಾವು ನುಂಗುವ ನೋವಿನ ಗುಳಿಗೆಗಳನ್ನು ಕನಿಕರದಿಂದಲಾದರೂ ಹಾಕಲಾಗದು. ಅವುಗಳಲ್ಲಿ ಹಲವು ನಾಯಿಗೆ ವಿಷವೇ ಸರಿ. ವಾಸಿಯಾಗದ ಯಾತನೆ ಬಂದಾಗ ಏನು ಮಾಡಬೇಕೆಂಬುದನ್ನು ವೈದ್ಯರೊಡನೆ ಕೂಡಿ ತೀರ್ಮಾನಿಸಬೇಕು. ಸಂತೆಯ ಗಾಡಿಯಲ್ಲಿ ಹಾಕಿ ಅರಿಯದ ಊರಲ್ಲಿ ಬಿಟ್ಟುಬರುವುದು ಮಾತ್ರ ತೀರ್ಮಾನವಲ್ಲ, ಅದು ತಪ್ಪಿಸಿಕೊಳ್ಳುವಿಕೆ.

ನಾನು ಹೊರಡುವ ಹೊತ್ತಿಗೆ ನೆರೆಯವನು ಕಟ್ಟೆಯ ಮೇಲೆ ಕುಳಿತು ನಾಯಿಯ ಕಿವಿಯೊಳಗಿನ ಉಣ್ಣೆಗಳನ್ನು ಆಯುತ್ತಿದ್ದನು. ಆ ತಾಯಿ ರೊಟ್ಟಿಯ ಬಟ್ಟಲನ್ನು ಬರಿದುಮಾಡಿ, ಕೈ ತೊಳೆದುಕೊಂಡು, ಆಮೇಲೆ ತನ್ನ ಊಟಕ್ಕೆಂದು ಒಳಗೆ ಹೋದಳು. ಆತಕೂರಿನ ಶಾಸನವನ್ನು ಆಕೆ ಓದಿದವಳಲ್ಲ. ಅದರ ಕಟ್ಟಳೆಯನ್ನು ಮಾತ್ರ ತಪ್ಪದೆ ನಡೆಸಿದ್ದಳು.