ಕಿವಿಗೊಡುವ ಯಂತ್ರ: ವಾಚನಶಿಕ್ಷಣದಲ್ಲಿ ಮಾತು ಗುರುತಿಸುವ ತಂತ್ರಾಂಶದ ಚರಿತ್ರೆ

ಓದಲು ಕಲಿಯುವ ಮಗು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಕುಳಿತು ಕಿವಿಗೊಡುವವರೊಬ್ಬರು ಬೇಕು. ಒಬ್ಬರೇ ಶಿಕ್ಷಕರು ಇಡೀ ತರಗತಿಯನ್ನು ನೋಡಿಕೊಳ್ಳುವಲ್ಲಿ ಇದು ಪ್ರತಿ ಮಗುವಿಗೂ ದಕ್ಕುವುದು ಕಷ್ಟ. ಈ ಕೊರತೆಯನ್ನು ಕಂಪ್ಯೂಟರಿನ ಮೂಲಕ ತುಂಬಲು ನಡೆದ ಯತ್ನಗಳಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಪ್ರಾಜೆಕ್ಟ್ ಲಿಸನ್’ ಪ್ರಮುಖವಾದುದು. ಅದರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಗುರುತಿಸಿ, ಓದಿನಲ್ಲಿ ‘ತಪ್ಪು’ ಎಂದರೇನು ಎಂಬ ಪ್ರಶ್ನೆಯನ್ನು ಕನ್ನಡದ ನೆಲೆಯಿಂದ ನಾವು ಪರಿಶೀಲಿಸುತ್ತೇವೆ.

ಈ ಯೋಜನೆಗೆ ತಳಹದಿ ಒದಗಿಸಿದ್ದು ಅದೇ ವಿಶ್ವವಿದ್ಯಾಲಯದಲ್ಲಿ ರಾಜ್ ರೆಡ್ಡಿಯವರ ಮಾರ್ಗದರ್ಶನದಲ್ಲಿ ಕೈ-ಫು ಲೀ ರೂಪಿಸಿದ ‘ಸ್ಫಿಂಕ್ಸ್’ ವ್ಯವಸ್ಥೆ. ಬಿಡುವಿಲ್ಲದೆ ಆಡಿದ ಮಾತನ್ನು, ಆಡುವವರು ಯಾರೇ ಆಗಿರಲಿ, ಗುರುತಿಸಬಹುದೆಂಬುದನ್ನು ಅದು 1988ರ ಹೊತ್ತಿಗೆ ತೋರಿಸಿಕೊಟ್ಟಿತು. ಆದರೆ ಉಕ್ತಲೇಖನಕ್ಕೂ ವಾಚನಶಿಕ್ಷಣಕ್ಕೂ ಮೂಲಭೂತವಾದ ವ್ಯತ್ಯಾಸವಿದೆ. ಉಕ್ತಲೇಖನದಲ್ಲಿ ಏನು ನುಡಿಯಲಾಗುವುದೆಂದು ಯಂತ್ರಕ್ಕೆ ತಿಳಿಯದು. ವಾಚನದಲ್ಲಿ ಪಠ್ಯ ಮೊದಲೇ ತಿಳಿದಿರುತ್ತದೆ, ಮಗು ಅದರಿಂದ ಎಲ್ಲಿ ಸರಿಯಿತೆಂಬುದನ್ನು ಪತ್ತೆಹಚ್ಚಬೇಕಾಗುತ್ತದೆ. ಆದ್ದರಿಂದ ಪದ ಬಿಡುವುದು, ಮರಳಿ ಓದುವುದು, ಅರ್ಧಕ್ಕೆ ನಿಲ್ಲಿಸುವುದು ಇವೆಲ್ಲವನ್ನೂ ನಿರೀಕ್ಷಿಸುವ ಭಾಷಾ ಮಾದರಿ ಅಗತ್ಯವಾಯಿತು.

ಜ್ಯಾಕ್ ಮಾಸ್ಟೊ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಗಮನಾರ್ಹವಾಗಿವೆ. ಓದಿನಲ್ಲಿ ಹಿಂದುಳಿದ ಎರಡನೆಯ ತರಗತಿಯ ಮಕ್ಕಳು ತಪ್ಪಾಗಿ ಓದಿದ ಪದಗಳಲ್ಲಿ ಶೇ. 49ರಷ್ಟನ್ನು ಯಂತ್ರ ಪತ್ತೆಹಚ್ಚಿತು. ಸರಿಯಾದುದನ್ನು ತಪ್ಪೆಂದು ಭಾವಿಸಿದ ಪ್ರಮಾಣ ಶೇ. 4ಕ್ಕಿಂತ ಕಡಿಮೆ. ಅಂದರೆ ಅರ್ಧದಷ್ಟು ತಪ್ಪುಗಳು ಕೈತಪ್ಪಿದ್ದವು. ಆದರೆ ಇವೆರಡು ದೋಷಗಳು ಸಮಾನವಲ್ಲ. ಒಂದು ತಪ್ಪು ಕಣ್ತಪ್ಪಿದರೆ ಮಗು ಓದು ಮುಂದುವರಿಸುತ್ತದೆ; ಸರಿಯಾಗಿ ಓದಿದ್ದನ್ನು ತಪ್ಪೆಂದರೆ ಅದರ ಆತ್ಮವಿಶ್ವಾಸವೇ ಕುಂದುತ್ತದೆ. ಈ ಯೋಜನೆಯಲ್ಲಿ ಮುಂದೆ ರೂಪುಗೊಂಡ ‘ರೀಡಿಂಗ್ ಟ್ಯೂಟರ್’ ನೇರವಾಗಿ ‘ತಪ್ಪು’ ಎನ್ನುವುದನ್ನು ಆದಷ್ಟು ತಪ್ಪಿಸಿ, ಸರಿಯಾದ ಉಚ್ಚಾರವನ್ನು ಕೇಳಿಸುವ ಮಾರ್ಗ ಹಿಡಿದುದು ಈ ಕಾರಣದಿಂದಲೇ.

ಮಕ್ಕಳ ಧ್ವನಿಯೂ ತೊಡಕಾಗಿತ್ತು. ಮಗುವಿನ ಧ್ವನಿಮಾರ್ಗ ಗಿಡ್ಡವಾದುದರಿಂದ ಅನುರಣನದ ಆವರ್ತನಗಳು ಹೆಚ್ಚು. ವಯಸ್ಕರ ಮಾತಿನಿಂದ ಕಲಿತ ಯಂತ್ರ ಇಲ್ಲಿ ಎಡವುತ್ತದೆ. 76 ಮಕ್ಕಳ 5,180 ಉಕ್ತಿಗಳ ಧ್ವನಿಸಂಗ್ರಹವನ್ನು ಕಾರ್ನೆಗಿ ಮೆಲನ್ ಸಿದ್ಧಪಡಿಸಿದ್ದು ಈ ಅಗತ್ಯದಿಂದ. ಭಾರತದಲ್ಲಿ ಗೂಗಲ್ ಸಂಸ್ಥೆ 2019ರ ಮಾರ್ಚ್‌ನಲ್ಲಿ ಹಿಂದಿ ಹಾಗೂ ಇಂಗ್ಲಿಷ್ ವಾಚನಕ್ಕಾಗಿ ‘ಬೋಲೋ’ ಆ್ಯಪ್ ಹೊರತಂದಿತು. ಅಂತರ್ಜಾಲವಿಲ್ಲದೆಯೂ ಫೋನಿನಲ್ಲೇ ನಡೆಯುವುದು ಅದರ ವೈಶಿಷ್ಟ್ಯವಾಗಿತ್ತು.

ಈ ಚರಿತ್ರೆ ಕನ್ನಡಕ್ಕೆ ಒಡ್ಡುವ ಪ್ರಶ್ನೆ ಉಪಭಾಷೆಗೆ ಸಂಬಂಧಿಸಿದ್ದು. ಹಳೆಯ ಮೈಸೂರಿನ ಹಲವು ಆಡುನುಡಿಗಳಲ್ಲಿ ಪದಾದಿಯ ಹಕಾರ ಲೋಪವಾಗುತ್ತದೆ. ‘ಹಾಲು’ ಎಂಬುದನ್ನು ಒಂದು ಮಗು ‘ಆಲು’ ಎಂದೂ ಇನ್ನೊಂದು ‘ಹಾಡು’ ಎಂದೂ ಓದಿತೆನ್ನೋಣ. ಧ್ವನಿಗಳ ಲೆಕ್ಕದಲ್ಲಿ ಎರಡೂ ಒಂದೊಂದು ವ್ಯತ್ಯಾಸಗಳೇ. ಆದರೆ ಮೊದಲನೆಯ ಮಗು ಪದವನ್ನು ಗುರುತಿಸಿ ತನ್ನ ಮನೆಮಾತಿನಲ್ಲಿ ಉಚ್ಚರಿಸಿದೆ. ಎರಡನೆಯದು ಅಕ್ಷರವನ್ನೇ ತಪ್ಪಾಗಿ ಗ್ರಹಿಸಿದೆ. ‘ಭೂಮಿ’ಯನ್ನು ‘ಬೂಮಿ’ ಎನ್ನುವುದೂ ಮೊದಲ ಬಗೆಯದೇ. ಇಂಥ ರೂಪಗಳನ್ನು ಯಂತ್ರದ ಉಚ್ಚಾರಕೋಶಕ್ಕೆ ಸೇರಿಸಬಹುದು. ಆದರೂ ‘ಹರಸು’ ಎಂಬುದು ‘ಅರಸು’ ಎಂದು ಕೇಳಿಸಿದಾಗ ಅದು ಉಪಭಾಷೆಯೋ ತಪ್ಪೋದೋ ಎಂಬುದನ್ನು ಆ ಒಂದು ಪದದಿಂದಲೇ ನಿರ್ಣಯಿಸಲಾಗದು; ಅದೇ ಮಗು ಇತರ ಹಕಾರಾದಿ ಪದಗಳನ್ನು ಹೇಗೆ ಓದುತ್ತದೆಂಬುದನ್ನು ನೋಡಬೇಕು.

ಆದ್ದರಿಂದ ಕನ್ನಡದ ವಾಚನ ತಂತ್ರಾಂಶಕ್ಕೆ ಶಿಷ್ಟ ಉಚ್ಚಾರದ ದತ್ತಾಂಶವಷ್ಟೇ ಸಾಲದು. ಬೇರೆ ಬೇರೆ ಪ್ರದೇಶಗಳ ಮಕ್ಕಳ ಧ್ವನಿಸಂಗ್ರಹವೂ ಉಪಭಾಷಾ ವಿವರಣೆಯೂ ಅದರ ಬುನಾದಿಯಾಗಬೇಕು. ಇಲ್ಲವಾದಲ್ಲಿ ಸರಿಯಾಗಿ ಓದಬಲ್ಲ ಹಳ್ಳಿಯ ಮಗುವೇ ಯಂತ್ರದಿಂದ ಹೆಚ್ಚು ತಿದ್ದಿಸಿಕೊಳ್ಳಬೇಕಾದೀತು ಎಂಬುದು ನಮ್ಮ ಅಭಿಪ್ರಾಯ.