ಟೆಲೊಮರೇಸ್: ಜೀನಿನ ಹೊಸ್ತಿಲಲ್ಲಿ ಸಿಕ್ಕ ಉತ್ತರ

1994ರಲ್ಲಿ ಕಿಮ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಕೊಟ್ಟ ಲೆಕ್ಕ ಹೀಗಿತ್ತು: 12 ಬಗೆಯ ಗಡ್ಡೆಗಳಿಂದ ತೆಗೆದ 101 ಮಾದರಿಗಳ ಪೈಕಿ 90ರಲ್ಲಿ ಟೆಲೊಮರೇಸ್ ಕಿಣ್ವ ಕ್ರಿಯಾಶೀಲ, ಸಾಮಾನ್ಯ ಅಂಗಾಂಶಗಳ 50 ಮಾದರಿಗಳಲ್ಲಿ ಒಂದರಲ್ಲೂ ಇಲ್ಲ. ಇಷ್ಟು ಬಗೆಯ ಕ್ಯಾನ್ಸರ್‌ಗಳು ಒಂದೇ ಕಿಣ್ವವನ್ನು ನೆಚ್ಚಿರುವುದು ಅಪರೂಪ. ಆದರೂ ಗಡ್ಡೆಯಲ್ಲಿ ಅದು ಚಾಲನೆಗೊಳ್ಳುವ ಬಗೆಗೆ ಖಚಿತ ಜೀನ್ ಮಟ್ಟದ ಕಾರಣ ಸಿಕ್ಕಿದ್ದು 2013ರಲ್ಲಿ. ನಡುವಿನ ಆ ಹತ್ತೊಂಬತ್ತು ವರ್ಷಗಳು ಸಂಶೋಧಕರ ಕಣ್ಣು ಎಲ್ಲಿ ನೆಟ್ಟಿತ್ತು ಎಂಬುದನ್ನು ಹೇಳುತ್ತವೆ.

ಕಿಣ್ವವನ್ನು ಮೊದಲು ಗುರುತಿಸಿದವರು ಕ್ಯಾರೊಲ್ ಗ್ರೈಡರ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್, 1984ರಲ್ಲಿ, ಟೆಟ್ರಾಹೈಮೆನ ಎಂಬ ಏಕಕೋಶಜೀವಿಯಲ್ಲಿ. ಕೋಶ ವಿಭಜನೆಯಾದಾಗಲೆಲ್ಲ ವರ್ಣತಂತುವಿನ ತುದಿ, ಅಂದರೆ ಟೆಲೊಮಿಯರ್, ಸವೆಯುತ್ತದೆ. ಈ ಕಿಣ್ವ ಅದನ್ನು ತುಂಬಿಕೊಡುತ್ತದೆ. ಮನುಷ್ಯನ ಬಹುಪಾಲು ದೇಹಕೋಶಗಳಲ್ಲಿ ಅದರ ತಯಾರಿಕೆ ನಿಂತಿರುತ್ತದೆ. ಕಿಣ್ವದ ಪ್ರೋಟೀನ್ ಭಾಗದ ಜೀನ್ ‘ಟರ್ಟ್’ 1997ರಲ್ಲಿ ಸಿಕ್ಕಿತು. ಆರ್‌ಎನ್‌ಎ ಭಾಗ ಹೆಚ್ಚಿನ ಕೋಶಗಳಲ್ಲಿ ಇದ್ದೇ ಇರುವುದರಿಂದ, ಟರ್ಟ್ ಜೀನಿನ ನಕಲು ತೆಗೆಯುವ ಹಂತದಲ್ಲೇ ಹಿಡಿತವಿದೆ ಎಂಬುದು ಬೇಗ ಸ್ಪಷ್ಟವಾಯಿತು.

ಹಾಗಾದರೆ ಹಿಡಿತ ಸಡಿಲಿಸುವವರು ಯಾರು? 1998–99ರ ಹೊತ್ತಿಗೆ, ಕೋಶ ವಿಭಜನೆಗೆ ಚಾಲನೆ ಕೊಡುವ ಮಿಕ್ ಪ್ರೋಟೀನ್ ಆರೋಪಿಯ ಸ್ಥಾನದಲ್ಲಿ ನಿಂತಿತು. ಟರ್ಟ್ ಜೀನಿನ ಮುಂದಿರುವ ಪ್ರೊಮೋಟರ್ ಭಾಗದಲ್ಲಿ ಅದು ಕೂರಬಲ್ಲ ತಾಣಗಳಿವೆ, ನಿಜ. ಆದರೆ ಭರದಿಂದ ವಿಭಜಿಸುವ ಸಾಮಾನ್ಯ ಕೋಶಗಳಲ್ಲೂ ಮಿಕ್ ಇರುತ್ತದೆ. ಅಲ್ಲೆಲ್ಲ ಟರ್ಟ್ ಜಾಗೃತವಾಗುವುದಿಲ್ಲ. ಮುಂದೆ ಆರೋಪಿಗಳ ಪಟ್ಟಿ ಬೆಳೆಯಿತೇ ಹೊರತು ತೀರ್ಪು ಬರಲಿಲ್ಲ. ದೊಡ್ಡ ಕ್ಯಾನ್ಸರ್ ಯೋಜನೆಗಳು ಹೆಚ್ಚಾಗಿ ಓದುತ್ತಿದ್ದದ್ದು ಪ್ರೋಟೀನ್ ಬರೆಯುವ ಡಿಎನ್‌ಎಯನ್ನು. ಅದು ಒಟ್ಟು ಜೀನೋಮಿನಲ್ಲಿ ಶೇ. 2ಕ್ಕೂ ಕಡಿಮೆ. ಉತ್ತರ ಅದರಾಚೆಗಿತ್ತು.

2013ರಲ್ಲಿ ಬಾಸ್ಟನ್ನಿನ ಲೆವಿ ಗ್ಯಾರವೇ ತಂಡವೂ ಹೈಡೆಲ್‌ಬರ್ಗಿನ ರಾಜೀವ್ ಕುಮಾರ್ ತಂಡವೂ ‘ಸೈನ್ಸ್’ನಲ್ಲಿ ಒಟ್ಟಿಗೇ ವರದಿ ಮಾಡಿದವು. ಒಂದು ತಂಡ ಮೆಲನೋಮ ಗಡ್ಡೆಗಳ ಇಡೀ ಜೀನೋಮನ್ನು ಓದಿತ್ತು. ಇನ್ನೊಂದು, ಮೆಲನೋಮ ವಂಶಪಾರಂಪರ್ಯವಾಗಿದ್ದ ಕುಟುಂಬವನ್ನು ಬೆನ್ನಟ್ಟಿತ್ತು. ಬಾಸ್ಟನ್ ತಂಡ ಪರೀಕ್ಷಿಸಿದ 70 ಮೆಲನೋಮಗಳ ಪೈಕಿ 50ರಲ್ಲಿ ಟರ್ಟ್ ಪ್ರೊಮೋಟರಿನ ಎರಡು ನೆಲೆಗಳಲ್ಲೊಂದರಲ್ಲಿ ‘ಸಿ’ ಅಕ್ಷರ ‘ಟಿ’ ಆಗಿತ್ತು. ಪ್ರೋಟೀನ್ ಆರಂಭವಾಗುವ ಜಾಗದಿಂದ 124 ಮತ್ತು 146 ಅಕ್ಷರ ಹಿಂದೆ ಈ ನೆಲೆಗಳಿವೆ. ಒಂದಕ್ಷರದ ಬದಲಾವಣೆಯಿಂದ ಇಟಿಎಸ್ ಕುಲದ ಪ್ರೋಟೀನ್‌ಗಳು ಕೂರುವ ಹೊಸ ತಾಣ ಹುಟ್ಟಿತು. ಆ ಕುಲದಲ್ಲಿ ಯಾರು ಎಂಬುದು 2015ರಲ್ಲಿ ಖಚಿತವಾಯಿತು: ಜಿಎಬಿಪಿ. ಅದು ಪಕ್ಕದಲ್ಲೇ ಮೊದಲಿನಿಂದಿರುವ ತಾಣಗಳ ನೆರವೂ ಪಡೆದು ನಾಲ್ಕು ಘಟಕಗಳ ಕೂಟವಾಗಿ ಹಿಡಿದುಕೊಳ್ಳುತ್ತದೆ. ಅದೇ ಕೋಶದಲ್ಲಿರುವ ಟರ್ಟ್‌ನ ಇನ್ನೊಂದು, ಕೆಡದ ಪ್ರತಿ ಮೊದಲಿನಂತೆ ಮೌನವಾಗಿಯೇ ಉಳಿಯುತ್ತದೆ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಬಲವಾದ ಸಾಕ್ಷ್ಯವೆನಿಸುವುದು ಇದೇ, ಏಕೆಂದರೆ ಎರಡೂ ಪ್ರತಿಗಳಿಗೆ ಸುತ್ತಲಿನ ಪ್ರೋಟೀನ್‌ಗಳು ಒಂದೇ.

ಪ್ರಯೋಗಾಲಯದಲ್ಲಿ ಅಳೆದಾಗ ಈ ಬದಲಾವಣೆ ಪ್ರೊಮೋಟರಿನ ಚಟುವಟಿಕೆಯನ್ನು ಹೆಚ್ಚಿಸಿದ್ದು ಎರಡರಿಂದ ನಾಲ್ಕು ಪಟ್ಟು ಮಾತ್ರ. ‘ಅತಿ ಉತ್ಪಾದನೆ’ ಎಂದಾಗ ನಾವು ಊಹಿಸುವ ಪ್ರವಾಹ ಇಲ್ಲಿಲ್ಲ. ಇಷ್ಟೇ ಸಾಕಾಗುವ ಕಾರಣವನ್ನು ಬರ್ಕ್ಲಿಯ ಸಂಶೋಧಕರು 2015ರಲ್ಲಿ ತೋರಿಸಿದರು: ಈ ಬದಲಾವಣೆ ಹೊತ್ತ ಕಾಂಡಕೋಶಗಳು ಪ್ರೌಢ ಕೋಶಗಳಾಗಿ ಮಾರ್ಪಟ್ಟಾಗಲೂ ಟರ್ಟ್ ಅನ್ನು ಆರಿಸಲಾರವು. ಕೋಶಕ್ಕೆ ಬೇಕಾದದ್ದು ಅಷ್ಟೇ, ಮುಚ್ಚಬೇಕಾದಾಗ ಮುಚ್ಚದ ಜೀನ್.

ಎಲ್ಲ ಗಡ್ಡೆಗಳ ದಾರಿಯೂ ಇದಲ್ಲ. ಸ್ತನ, ದೊಡ್ಡಕರುಳಿನ ಕ್ಯಾನ್ಸರ್‌ಗಳಲ್ಲಿ ಈ ಬದಲಾವಣೆ ವಿರಳ. ಕೆಲವು ನ್ಯೂರೋಬ್ಲಾಸ್ಟೋಮಗಳಲ್ಲಿ ವರ್ಣತಂತು ಮುರಿದು ಮರುಜೋಡಣೆಯಾಗಿ, ಬೇರೆ ಜೀನಿನ ಪ್ರಬಲ ಎನ್‌ಹ್ಯಾನ್ಸರ್, ಅಂದರೆ ಜೀನಿನ ಚಟುವಟಿಕೆ ಹೆಚ್ಚಿಸುವ ಡಿಎನ್‌ಎ ಭಾಗ, ಟರ್ಟ್‌ನ ಪಕ್ಕಕ್ಕೆ ಬಂದಿರುತ್ತದೆ. ಔಷಧದ ಕಡೆ ನೋಡಿದರೆ, 2024ರಲ್ಲಿ ಅಮೆರಿಕ ಒಪ್ಪಿದ ಇಮೆಟೆಲ್‌ಸ್ಟ್ಯಾಟ್, ಅದೂ ಅಸ್ಥಿಮಜ್ಜೆಯ ಒಂದು ಕಾಯಿಲೆಯ ರಕ್ತಹೀನತೆಗೆ, ಕಿಣ್ವದ ಆರ್‌ಎನ್‌ಎಯನ್ನು ತಡೆಯುತ್ತದೆ. ಕೆಟ್ಟ ಪ್ರೊಮೋಟರನ್ನು ಮುಟ್ಟುವುದಿಲ್ಲ.